ಪಕ್ಷದ ವಾರಪತ್ರಿಕೆ: ಹಾಸನದ ಚಂದಾದಾರನೊಬ್ಬನ ಅಭಿಪ್ರಾಯ

ರಾಜ್ಯದ ಪಕ್ಷವೊಂದು ತನ್ನ ವಾರದ ಸಭೆ, ಪ್ರವಾಸ, ಹೋರಾಟಗಳ ಸುದ್ದಿಯನ್ನು ಒಟ್ಟುಗೂಡಿಸಿ ಹೊರತರುವ ಎಂಟು ಪುಟಗಳ ಪತ್ರಿಕೆಗೆ ನಾನು ಒಂದು ವರ್ಷದಿಂದ ಚಂದಾದಾರನಾಗಿದ್ದೇನೆ. ಮುದ್ರಣ ಅಚ್ಚುಕಟ್ಟಾಗಿದೆ. ಆದರೆ ಮೊದಲ ಮೂರು ಪುಟಗಳು ಹಾರ, ಪೇಟ, ಶಾಲುಗಳಿಗೇ ಮೀಸಲು. ಕಳೆದ ಸಂಚಿಕೆಯ ಚಿತ್ರವೊಂದರಲ್ಲಿ, ನಾನು ಎಣಿಸಿದಂತೆ, 17 ಮಂದಿ ಒಂದೇ ದೀಪಕ್ಕೆ ಕೈ ಚಾಚಿದ್ದರು.

ಓದಲೇಬೇಕಾದದ್ದು ಐದನೆಯ ಪುಟದ ತಾಲ್ಲೂಕುವಾರು ವರದಿ. ಸಕಲೇಶಪುರ, ಆಲೂರು ಭಾಗದ ಕಾಡಾನೆ ಹಾವಳಿಯ ಬಗ್ಗೆ ಕಾರ್ಯಕರ್ತರು ಸಲ್ಲಿಸಿದ ಮನವಿ, ಅರಸೀಕೆರೆಯ ಕೊಬ್ಬರಿ ಬೆಳೆಗಾರರ ಬೇಡಿಕೆ ಮುಂತಾದವನ್ನು ಯಾರು, ಎಂದು, ಯಾವ ಅಧಿಕಾರಿಗೆ ಕೊಟ್ಟರು ಎಂಬ ವಿವರ ಇಲ್ಲಿ ಸಿಗುತ್ತದೆ. ಆ ಮನವಿಗಳು ಮುಂದೇನಾದವು ಎಂಬುದು ಮಾತ್ರ ಯಾವ ಸಂಚಿಕೆಯಲ್ಲೂ ಇಲ್ಲ. ಹಾಸನ ಲೋಕಸಭಾ ಕ್ಷೇತ್ರದಲ್ಲಿ ಜಿಲ್ಲೆಯ 7 ವಿಧಾನಸಭಾ ಕ್ಷೇತ್ರಗಳ ಜೊತೆಗೆ ಚಿಕ್ಕಮಗಳೂರು ಜಿಲ್ಲೆಯ ಕಡೂರೂ ಸೇರಿದ್ದರೂ, ಕಡೂರಿನ ಸುದ್ದಿ ದುರ್ಬೀನು ಹಾಕಿ ಹುಡುಕಿದರೂ ಕಾಣದು. 1996ರಲ್ಲಿ ದೇಶಕ್ಕೆ ಪ್ರಧಾನಿಯನ್ನು ಕೊಟ್ಟ ಜಿಲ್ಲೆಯ ಓದುಗರಿಗೆ ಇಷ್ಟು ಸಾಲದು.

ಸೋಮವಾರದ ಸಂಚಿಕೆ ನನ್ನ ಕೈಸೇರುವುದು ಗುರುವಾರ. ಅಷ್ಟರಲ್ಲಿ ಮುಖಪುಟದ ‘ನಾಳೆ ಬೃಹತ್ ಸಮಾವೇಶ’ ಮುಗಿದು, ಶಾಮಿಯಾನವನ್ನೂ ಬಿಚ್ಚಿರುತ್ತಾರೆ.