ಪೆಟ್ರೋಲ್, ಕರೆಂಟು, ಹೈಡ್ರೋಜನ್: ಮೂರನ್ನೂ ಓಡಿಸಿ ನೋಡಿದ್ದು

2022ರ ಮಾರ್ಚ್‌ನಲ್ಲಿ ನಿತಿನ್ ಗಡ್ಕರಿ ಹೈಡ್ರೋಜನ್ ಕಾರಿನಲ್ಲಿ ಪಾರ್ಲಿಮೆಂಟಿಗೆ ಹೋದ ಮೇಲೆ, ಬೆಂಗಳೂರಿಗೆ ಹೋದಾಗಲೆಲ್ಲ ನನಗೊಂದು ಪ್ರಶ್ನೆ ಕಾದಿರುತ್ತದೆ: "ನೀನು ಅದನ್ನೇ ಓಡಿಸ್ತಿದ್ದೆ ಅಲ್ವಾ? ಹೇಗಿದೆ?" ಹೌದು, ಅದೇ ಟೊಯೊಟಾ ಮಿರಾಯ್. ಟ್ಯಾಂಕಿನ ಹೈಡ್ರೋಜನ್ನಿಂದ ತನ್ನೊಳಗೇ ಕರೆಂಟು ಮಾಡಿಕೊಂಡು ಓಡುವ ಕಾರು, ಹೊಗೆ ಬದಲು ಹೊರಗೆ ಬರುವುದು ನೀರು. ನಾವಿರುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಹತ್ತಿರ. ಅಮೆರಿಕದಲ್ಲಿ ಕಾರಿಗೆ ಹೈಡ್ರೋಜನ್ ಹಾಕಿಸುವ ಬಂಕ್‌ಗಳು ಹೆಚ್ಚುಕಮ್ಮಿ ಎಲ್ಲವೂ ಈ ರಾಜ್ಯದಲ್ಲೇ ಇವೆ. ಹಾಗಾಗಿ ಮಿರಾಯ್ ಲೀಸ್‌ಗೆ ತಗೊಂಡಿದ್ದೆ. ಜೊತೆಗೆ ಮನೆಯಲ್ಲಿ ಕರೆಂಟಿನ ಷೆವರ್ಲೆ ಬೋಲ್ಟ್ ಇದೆ, ಪೆಟ್ರೋಲ್ ಎಂಜಿನ್ ಜೊತೆ ಸಣ್ಣ ಬ್ಯಾಟರಿ, ಮೋಟರ್ ಇರುವ ಕೊರೊಲಾ ಹೈಬ್ರಿಡ್ ಇದೆ.

ಬರೀ ಕಾರು ಅಂತ ನೋಡಿದರೆ ಮಿರಾಯ್‌ಗೇ ನನ್ನ ಓಟು. ಸದ್ದಿಲ್ಲ, ನಡುಕ ಇಲ್ಲ. ಮೂರು ಟ್ಯಾಂಕಿನಲ್ಲಿ 5.6 ಕೆಜಿ ಗ್ಯಾಸ್ ಹಿಡಿಯುತ್ತದೆ. ಸರ್ಕಾರದ ಲೆಕ್ಕದ ಪ್ರಕಾರ ಒಮ್ಮೆ ತುಂಬಿದರೆ 402 ಮೈಲಿ, ಅಂದರೆ ಸುಮಾರು 650 ಕಿಲೋಮೀಟರ್. ಡ್ಯಾಶ್‌ಬೋರ್ಡಿನಲ್ಲಿ ನೀರು ಹೊರಹಾಕುವುದಕ್ಕೇ ಒಂದು ಬಟನ್ ಇದೆ. ಒತ್ತಿದರೆ ಹಿಂದೆ ಹೊಗೆಯ ಬದಲು ನೀರು ಸುರಿಯುತ್ತದೆ. ಊರಿಂದ ಬಂದ ನೆಂಟರಿಗೆಲ್ಲ ಅದನ್ನು ತೋರಿಸಿದ್ದೇ ತೋರಿಸಿದ್ದು. ಆದರೆ ಅದೇ ನೆಂಟರ ಸೂಟ್‌ಕೇಸ್ ಡಿಕ್ಕಿಯಲ್ಲಿ ಹಿಡಿಯುವುದಿಲ್ಲ. ಟ್ಯಾಂಕುಗಳು ಅಷ್ಟು ಜಾಗ ತಿಂದಿವೆ.

ತೊಂದರೆ ಶುರುವಾಗುವುದು ಬಂಕ್‌ನಲ್ಲಿ. ಐದು ನಿಮಿಷದಲ್ಲಿ ತುಂಬುತ್ತದೆ ಅನ್ನುವುದು ಸುಳ್ಳಲ್ಲ. ಆದರೆ ಅದು ಬಂಕ್‌ನಲ್ಲಿ ಬೇರೆ ಕಾರು ಇಲ್ಲದೆ, ಯಂತ್ರವೂ ಸರಿ ಇದ್ದಾಗ ಮಾತ್ರ. ಗ್ಯಾಸನ್ನು ಮೈನಸ್ 40 ಡಿಗ್ರಿ ಹತ್ತಿರಕ್ಕೆ ತಂಪು ಮಾಡಿ, 700 ಬಾರ್ ಒತ್ತಡದಲ್ಲಿ (ಗಾಳಿಯ ಸಹಜ ಒತ್ತಡದ ಸುಮಾರು 700 ಪಟ್ಟು) ತುಂಬುತ್ತಾರೆ. ತೇವ ಜಾಸ್ತಿ ಇರುವ ಬೆಳಿಗ್ಗೆ ನಾಜಲ್ ಮೇಲೆ ಬಿಳಿ ಹಿಮ ಕಟ್ಟಿ, ಅದು ಕಾರಿಗೇ ಕಚ್ಚಿಕೊಳ್ಳುತ್ತದೆ. ಹಿಡಿ ಸಡಿಲಿಸಿದರೂ ಬರುವುದಿಲ್ಲ. ಎಳೆದಾಡುವ ಹಾಗೂ ಇಲ್ಲ. ಅದು ಕರಗುವ ತನಕ ಸುಮ್ನೆ ನಿಂತಿರಬೇಕು. ನಮ್ಮ ಮುಂದೆ ಎರಡು ಮೂರು ಕಾರು ತುಂಬಿಸಿಕೊಂಡು ಹೋಗಿದ್ದರೆ, ಯಂತ್ರ ಮತ್ತೆ ಒತ್ತಡ ಏರಿಸಿಕೊಳ್ಳುವವರೆಗೂ ಕಾಯಬೇಕು. ಮನೆ ಬಿಡುವ ಮುಂಚೆ ಯಾವ ಬಂಕ್ ಕೆಲಸ ಮಾಡುತ್ತಿದೆ ಅಂತ ಆ್ಯಪ್ ನೋಡುವುದು ಇಲ್ಲಿ ಮಿರಾಯ್ ಇಟ್ಟುಕೊಂಡವರೆಲ್ಲರ ಅಭ್ಯಾಸ.

ಬಂಕ್ ಸರಿ ಇದ್ದರೂ ಗ್ಯಾಸ್ ಬರಬೇಕಲ್ಲ. 2019ರ ಜೂನ್‌ನಲ್ಲಿ ಸ್ಯಾಂಟಾ ಕ್ಲಾರಾದ ಒಂದೇ ಒಂದು ಹೈಡ್ರೋಜನ್ ಘಟಕದಲ್ಲಿ ಸ್ಫೋಟ ಆಯಿತು. ಅಷ್ಟಕ್ಕೇ ಬೇ ಏರಿಯಾ, ಅಂದರೆ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ನಮ್ಮ ಪ್ರದೇಶ ಪೂರ್ತಿ, ತಿಂಗಳುಗಟ್ಟಲೆ ಪರದಾಡಿತು. 2024ರ ಫೆಬ್ರವರಿಯಲ್ಲಿ ತೈಲ ಕಂಪನಿ ಶೆಲ್, ಕಾರಿಗೆ ಹೈಡ್ರೋಜನ್ ಹಾಕುವ ಇಲ್ಲಿನ ತನ್ನ ಬಂಕ್‌ಗಳನ್ನು ಮುಚ್ಚಿತು.

ಇನ್ನು ದುಡ್ಡು. ಮೊದಲು ಕೆಜಿಗೆ 15 ಡಾಲರ್ ಆಸುಪಾಸು ಇದ್ದ ಹೈಡ್ರೋಜನ್, 2023ರಲ್ಲಿ ಹಲವು ಬಂಕ್‌ಗಳಲ್ಲಿ 36 ಡಾಲರ್ ಆಯಿತು. ಹೊಸ ಮಿರಾಯ್ ಜೊತೆ ಟೊಯೊಟಾ ಹೈಡ್ರೋಜನ್ ಹಾಕಿಸಲು 15,000 ಡಾಲರಿನ ಫ್ಯುಯೆಲ್ ಕಾರ್ಡ್ ಕೊಡುತ್ತಿತ್ತು. ಅದು ಇರುವ ತನಕ ಬಿಸಿ ತಟ್ಟುವುದಿಲ್ಲ. ಕಾರ್ಡ್ ಬದಿಗಿಟ್ಟು 100 ಮೈಲಿಗೆ ಲೆಕ್ಕ ಹಾಕಿದರೆ ಮಿರಾಯ್‌ಗೆ ಹತ್ತಿರಹತ್ತಿರ 50 ಡಾಲರ್. ಬೋಲ್ಟ್‌ಗೆ 28 ಯೂನಿಟ್ ಬೇಕು. ರಾತ್ರಿ ಮನೆಯಲ್ಲಿ ಯೂನಿಟ್ಟಿಗೆ 31 ಸೆಂಟ್ ಹಿಡಿದರೆ ಒಂಬತ್ತು ಡಾಲರ್ ಒಳಗೆ. ಗ್ಯಾಲನ್‌ಗೆ 50 ಮೈಲಿ ಕೊಡುವ ಕೊರೊಲಾ ಹೈಬ್ರಿಡ್‌ಗೆ, ಪೆಟ್ರೋಲ್ 4.80 ಡಾಲರ್ ಇದ್ದಾಗ, ಹತ್ತು ಡಾಲರ್ ಒಳಗೆ. ಕರೆಂಟು ಮತ್ತು ಹೈಬ್ರಿಡ್ ನಡುವೆ ಇರುವುದು ಇಷ್ಟೇ ವ್ಯತ್ಯಾಸ! ನಮ್ಮ ಕಡೆ ಕರೆಂಟು ಅಷ್ಟು ದುಬಾರಿ. ಹೊರಗಿನ ಫಾಸ್ಟ್ ಚಾರ್ಜರಿನಲ್ಲಿ ಹಾಕಿಸಿದರಂತೂ ಎಷ್ಟೋ ಸಲ ಹೈಬ್ರಿಡ್ಡೇ ಅಗ್ಗ.

ಹೈಡ್ರೋಜನ್ ಯಾಕೆ ಇಷ್ಟು ದುಬಾರಿ? ನೀರಿನಿಂದ ಒಂದು ಕೆಜಿ ತೆಗೆಯಲು 50 ಯೂನಿಟ್‌ಗಿಂತ ಜಾಸ್ತಿ ಕರೆಂಟು ಬೇಕು. ಆಮೇಲೆ ಅದನ್ನು ಒತ್ತಬೇಕು, ಸಾಗಿಸಬೇಕು, ತಂಪು ಮಾಡಬೇಕು. ಇಷ್ಟೆಲ್ಲ ಆಗಿ ಆ ಕೆಜಿಯಲ್ಲಿ ಮಿರಾಯ್ ಹೋಗುವುದು 70 ಚಿಲ್ಲರೆ ಮೈಲಿ. ಅದೇ 50 ಯೂನಿಟ್ಟನ್ನು ನೇರ ಬೋಲ್ಟ್‌ಗೆ ಹಾಕಿದರೆ 170 ಮೈಲಿ ದಾಟುತ್ತದೆ. ನೀರಿನಿಂದ ತೆಗೆಯುವುದೂ ಅಪರೂಪವೇ. ಜಗತ್ತಿನ ಬಹುಪಾಲು ಹೈಡ್ರೋಜನ್ ಬರುವುದು ನೈಸರ್ಗಿಕ ಅನಿಲ, ಕಲ್ಲಿದ್ದಲಿನಿಂದ.

ಬೋಲ್ಟ್ ಬಗ್ಗೆ ಹೇಳಲು ಕಥೆಯೇ ಇಲ್ಲ. ರಾತ್ರಿ ಪ್ಲಗ್ ಹಾಕು, ಬೆಳಿಗ್ಗೆ ಹೋಗು. ನನಗೆ ಇದೇ ಇಷ್ಟ. ದೂರದ ಪ್ರಯಾಣಕ್ಕೆ ಮಾತ್ರ ಅದು ನಿಧಾನ. ಫಾಸ್ಟ್ ಚಾರ್ಜಿಂಗ್ 55 ಕಿಲೋವ್ಯಾಟ್ ದಾಟುವುದಿಲ್ಲ, ದಾರಿಯಲ್ಲಿ ಗಂಟೆಗಟ್ಟಲೆ ಕೂರಬೇಕು. ಹೊಸ ಕಾರುಗಳು ಇದರ ಎರಡು ಮೂರು ಪಟ್ಟು ವೇಗದಲ್ಲಿ ತುಂಬಿಕೊಳ್ಳುತ್ತವೆ. ನಾವು ಲಾಸ್ ಏಂಜಲೀಸ್‌ಗೆ ಹೋಗುವುದು ಈಗಲೂ ಕೊರೊಲಾದಲ್ಲೇ. ಮನೆಯಲ್ಲಿ ಪ್ಲಗ್ ಇಲ್ಲದ ಅಪಾರ್ಟ್‌ಮೆಂಟಿನವರು ಕೇಳಿದರೂ ಹೈಬ್ರಿಡ್ ತಗೊಳ್ಳಿ ಅಂತಲೇ ಹೇಳುತ್ತೇನೆ.

ಬೆಂಗಳೂರಿನ ಲೆಕ್ಕ ಬೇರೆ. ಪೆಟ್ರೋಲ್ ಲೀಟರಿಗೆ ನೂರು ರೂಪಾಯಿ ದಾಟಿದೆ, ಮನೆ ಕರೆಂಟು ಯೂನಿಟ್ಟಿಗೆ ಆರು ರೂಪಾಯಿ ಆಸುಪಾಸು. ಎಲೆಕ್ಟ್ರಿಕ್ ಸ್ಕೂಟರ್ 100 ಕಿಲೋಮೀಟರಿಗೆ ಮೂರು ನಾಲ್ಕು ಯೂನಿಟ್ ಕುಡಿಯುತ್ತದೆ, ಅಂದರೆ 25 ರೂಪಾಯಿ ಒಳಗೆ. ಪೆಟ್ರೋಲ್ ಸ್ಕೂಟರಿಗೆ 200 ರೂಪಾಯಿ ಬೇಕು. ಅಲ್ಲಿ ಹೈಡ್ರೋಜನ್ ಮಾತು ಲಾರಿ, ಬಸ್ಸಿನವರಿಗೆ ಬಿಡಬಹುದು.

ಈಗ ಇಲ್ಲಿ 50,000 ಡಾಲರಿನ ಮಿರಾಯ್ ಸೆಕೆಂಡ್ ಹ್ಯಾಂಡ್‌ನಲ್ಲಿ ಅದರ ಕಾಲು ಭಾಗದ ಆಸುಪಾಸಿಗೆ ಸಿಗುತ್ತದೆ. ಆಸೆಯಾದರೆ ಮೂರು ವಿಷಯ ನೋಡಿಕೊಳ್ಳಿ. ಫ್ಯುಯೆಲ್ ಕಾರ್ಡ್ ಜೊತೆಗೆ ಬರುತ್ತದಾ ಅಂತ ಕೇಳಿ. ಮನೆಗೂ ಆಫೀಸಿಗೂ ನಡುವೆ ಕೆಲಸ ಮಾಡುವ ಬಂಕ್ ಎರಡಾದರೂ ಇರಲಿ. ಗ್ಯಾಸ್ ಹಾಕಿಸುವ ಮುಚ್ಚಳ ತೆಗೆದು ಒಳಗಿನ ಚೀಟಿ ಓದಿ. ಯಾವ ತಾರೀಖಿನ ಮೇಲೆ ಆ ಟ್ಯಾಂಕ್ ತುಂಬಿಸಬಾರದು ಅಂತ ಅದರಲ್ಲೇ ಬರೆದಿರುತ್ತದೆ.