ಅಲ್ಯೂಮಿನಿಯಂ ಅಂಚಿಗೆ ಯಾವ ಅರ ಮೇಲು?

ಅಲ್ಯೂಮಿನಿಯಂ ನುಣುಪಾಗಬೇಕಾದರೆ ಅಂಗಡಿಯಲ್ಲಿರುವ ಅತಿ ನಯವಾದ ಅರವನ್ನೇ (ಫೈಲ್) ತರಬೇಕು ಅನ್ನುವವರೇ ಹೆಚ್ಚು. ನಾನು ಒಪ್ಪುವುದಿಲ್ಲ. ಕಿಟಕಿ ಚೌಕಟ್ಟಿಗೆ ಬಳಸುವ 6063 ಜಾತಿಯ ಅಲ್ಯೂಮಿನಿಯಂನ 6 ಮಿ.ಮೀ. ಪಟ್ಟಿಯನ್ನು ಹ್ಯಾಕ್ಸಾದಲ್ಲಿ ಕೊಯ್ದು, ಆ ಅಂಚಿನ ಮೇಲೆ ಮೂರು ಬಗೆಯ ಅರ ಆಡಿಸಿ ನೋಡಿದ ಮೇಲೆ ಹೇಳುತ್ತಿದ್ದೇನೆ.

ಮೊದಲನೆಯದು ಡಬಲ್ ಕಟ್ ಸ್ಮೂತ್, ಅಂದರೆ ಹಲ್ಲಿನ ಸಾಲುಗಳು ಎರಡು ದಿಕ್ಕಿನಿಂದ ಒಂದನ್ನೊಂದು ದಾಟುವ ನಯವಾದ ಅರ. ಕಬ್ಬಿಣದ ಮೇಲೆ ಇದರ ಕೆಲಸ ಚೆನ್ನ. ಆದರೆ ಅಲ್ಯೂಮಿನಿಯಂ ಮೆತ್ತಗಿನ ಲೋಹ, ಇದರ ಹಲ್ಲಿನ ಸಂದುಗಳೋ ತೀರಾ ಕಿರಿದು. ಪುಡಿ ಉದುರದೆ ಅಲ್ಲೇ ಕಚ್ಚಿಕೊಂಡು ಗಟ್ಟಿ ಕಾಳಾಗುತ್ತದೆ. ಮುಂದಿನ ಸಲ ತಳ್ಳಿದಾಗ ಆ ಕಾಳೇ ಗೀರು ಎಳೆಯುತ್ತದೆ. ಅಂಚನ್ನು ಬೆಳಕಿಗೆ ಓರೆಯಾಗಿ ಹಿಡಿದರೆ, ಸುತ್ತಲೂ ನಯವಿದ್ದರೂ ನಡುವೆ ಉಗುರಿಗೆ ತಗಲುವಷ್ಟು ಆಳದ ಒಂದು ಗೆರೆ!

ಎರಡನೆಯದು ಸಿಂಗಲ್ ಕಟ್. ಇದರಲ್ಲಿ ಹಲ್ಲಿನ ಸಾಲು ಒಂದೇ ದಿಕ್ಕಿಗಿರುತ್ತದೆ, ಪುಡಿ ಜಾರಿ ಹೋಗಲು ದಾರಿಯಿದೆ. ಶುರುಮಾಡುವ ಮೊದಲು ಹಲ್ಲುಗಳಿಗೆ ಸೀಮೆಸುಣ್ಣ ಚೆನ್ನಾಗಿ ತಿಕ್ಕಬೇಕು. ಸಂದಿನಲ್ಲಿ ಸುಣ್ಣ ಕೂತರೆ ಲೋಹ ಕಚ್ಚುವುದು ಕಷ್ಟ, ಕಚ್ಚಿದರೂ ಬ್ರಷ್‌ಗೆ ಸಲೀಸಾಗಿ ಬರುತ್ತದೆ. ಬ್ರಷ್‌ಗೂ ಬಗ್ಗದ ಕಾಳಿದ್ದರೆ ಹಿತ್ತಾಳೆ ತಗಡಿನ ಅಂಚನ್ನು ಹಲ್ಲಿನ ಸಾಲಿನುದ್ದಕ್ಕೂ ಒತ್ತಿ ತಳ್ಳಿ. ಹಿತ್ತಾಳೆಯಲ್ಲೇ ಹಲ್ಲಿನ ಅಚ್ಚು ಮೂಡಿ, ಬಾಚಣಿಗೆಯಂತೆ ಸಂದು ಸಂದಿನ ಕಾಳನ್ನೂ ಹೊರಗೆ ತಳ್ಳುತ್ತದೆ. ಕೊನೆಗೆ ಡ್ರಾ ಫೈಲಿಂಗ್: ಅರವನ್ನು ಅಂಚಿಗೆ ಅಡ್ಡಲಾಗಿ ಎರಡೂ ಕೈಯಲ್ಲಿ ಹಿಡಿದು, ಅಂಚಿನುದ್ದಕ್ಕೂ ಹಗುರವಾಗಿ ಎಳೆಯುವುದು. ಹಲ್ಲು ಕಚ್ಚುವ ದಿಕ್ಕಿಗೆ ಮಾತ್ರ ಒತ್ತಡ, ವಾಪಸು ಬರುವಾಗ ಅರ ಎತ್ತಬೇಕು. ಹ್ಯಾಕ್ಸಾದ ಅಡ್ಡಗೆರೆಗಳೆಲ್ಲ ಹೋಗಿ ಒಂದೇ ಸಮನೆ ರೇಷ್ಮೆ ಹೊಳಪು ಬರುತ್ತದೆ. ಈ ಹಂತ ನೋಡುವುದೇ ನನಗೊಂದು ಸಂತೋಷ.

ಸುಣ್ಣದ ಬದಲು ಸೀಮೆಎಣ್ಣೆಯನ್ನೂ ಹಚ್ಚಿ ನೋಡಿದೆ. ಕಚ್ಚುವುದು ಕಡಿಮೆಯಾಗುತ್ತದೆ ನಿಜ, ಆದರೆ ಅರ ಜಾರುತ್ತದೆ, ಕೈಯೆಲ್ಲ ಕಪ್ಪು ಕೆಸರು. ಎರಡನ್ನೂ ಒಟ್ಟಿಗೆ ಹಾಕಿದರಂತೂ ಹಲ್ಲಿನ ತುಂಬ ಅಂಟು.

ಮೂರನೆಯದು ಬಾಗಿದ ಹಲ್ಲಿನ ಅರ, ಕಾರಿನ ಬಾಡಿ ಕೆಲಸದವರು ಬಳಸುವಂಥದ್ದು. ಹಲ್ಲು ದೊಡ್ಡದು, ಸಂದು ಆಳ, ಪುಡಿಯ ಬದಲು ಸುರುಳಿ ಸುರುಳಿಯಾಗಿ ಲೋಹ ಹೆರೆಯುತ್ತದೆ. ಅಗಲವಾದ ಮೈಗೆ ಇದಕ್ಕೆ ಸಾಟಿಯಿಲ್ಲ. ಕಿರಿದಾದ ಅಂಚಿಗೆ ಮಾತ್ರ ಬೇಡ, ತಟತಟ ಅದುರಿ ಅಲೆಯಂಥ ಗುರುತು ಬಿಡುತ್ತದೆ. ಬೆಲೆಯೂ ಜಾಸ್ತಿ.

ಹಾಗಾಗಿ ಅಗಲವಾದ ತಟ್ಟೆಗೆ ಮೊದಲು ಬಾಗಿದ ಹಲ್ಲು, ಆಮೇಲೆ ಸಿಂಗಲ್ ಕಟ್. ಅಂಚಿಗೆ ಸಿಂಗಲ್ ಕಟ್ ಮತ್ತು ಸೀಮೆಸುಣ್ಣ ಸಾಕು. ಇನ್ನೂ ಹೊಳಪು ಬೇಕಿದ್ದರೆ 400, 600 ನಂಬರಿನ ವಾಟರ್ ಪೇಪರನ್ನು (ನೀರು ಹಾಕಿ ಉಜ್ಜುವ ಉಪ್ಪುಕಾಗದ) ಚಪ್ಪಟೆ ಕಟ್ಟಿಗೆಗೆ ಸುತ್ತಿ ಉಜ್ಜಿ. ಬೆರಳಿಂದ ಒತ್ತಿ ಉಜ್ಜಿದರೆ ಅಂಚಿನ ಮೂಲೆ ಉರುಟಾಗಿಬಿಡುತ್ತದೆ.