ನಮ್ಮೂರ ಫಿಲ್ಟರ್ ನೀರು: ವರ್ಷಗಟ್ಟಲೆ ಕುಡಿದ ಮೇಲೆ ಅನಿಸಿದ್ದು

ಬಾಗೇಪಲ್ಲಿ ತಾಲ್ಲೂಕಿನ ನಮ್ಮೂರಲ್ಲಿ ಒಂದು ಶುದ್ಧ ಕುಡಿಯುವ ನೀರಿನ ಘಟಕ ಇದೆ. ಎಲ್ಲರ ಬಾಯಲ್ಲೂ ಅದು ಫಿಲ್ಟರ್ ನೀರು. ಐದು ರೂಪಾಯಿ ಕಾಯಿನ್ ಹಾಕಿದರೆ 20 ಲೀಟರ್ ಕ್ಯಾನ್ ತುಂಬುತ್ತದೆ. ಘಟಕ ಶುರುವಾದಾಗಿನಿಂದ ನಮ್ಮ ಮನೆಯಲ್ಲಿ ಕುಡಿಯೋಕೂ ಅಡುಗೆಗೂ ಇದೇ ನೀರು. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಯಂತ್ರದ ಮೇಲೆ ನನ್ನ ದೂರಿಲ್ಲ. ಒಂದು ಅಂಕ ಕಳೆದದ್ದು ನಿರ್ವಹಣೆ ನೋಡಿ.

ನಮ್ಮದು ಬೋರ್‌ವೆಲ್ ನೀರು. ಇಲ್ಲಿನ ಗ್ರಾನೈಟ್ ಬಂಡೆಯಲ್ಲಿರುವ ಫ್ಲೋರೈಡ್ ನೀರಿಗೆ ಇಳಿಯುತ್ತದೆ. ಅದು ಹೆಚ್ಚಾದರೆ ಹಲ್ಲಿಗೂ ಮೂಳೆಗೂ ಕೆಟ್ಟದ್ದು. ಲೀಟರಿಗೆ 1 ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಸಿಗದಿದ್ದರೆ 1.5 ರವರೆಗೆ ಎಂದು ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಹೇಳುತ್ತದೆ. ಹಲ್ಲಿನ ಮೇಲೆ ಕಂದು ಪಟ್ಟೆ ಬಿದ್ದವರನ್ನು, ಮಂಡಿ ಮಡಚಲಾಗದೆ ಜಗಲಿ ಮೇಲೇ ಕೂತಿರುವ ಹಿರಿಯರನ್ನು ನೋಡುತ್ತಲೇ ಬೆಳೆದವರು ನಾವು. ಫ್ಲೋರೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಕುದಿಸಿದರೂ ಹೋಗಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಅದರ ಪ್ರಮಾಣ ಇನ್ನೂ ಜಾಸ್ತಿಯೇ ಆಗುತ್ತದೆ. ರೋಗಾಣು ಕೊಲ್ಲುವ ಯುವಿ ಲೈಟ್ ಮಾತ್ರ ಇರುವ ಫಿಲ್ಟರ್ ತಂದಿಟ್ಟರೂ ಪ್ರಯೋಜನ ಇಲ್ಲ. ನಮ್ಮ ಘಟಕದಲ್ಲಿರುವ ಆರ್‌ಒ ಮೆಂಬ್ರೇನ್, ಅಂದರೆ ಒತ್ತಡ ಹಾಕಿ ನೀರು ಸೋಸುವ ಸೂಕ್ಷ್ಮ ಪೊರೆ, ಅದನ್ನು ಬಹುಪಾಲು ತೆಗೆದುಹಾಕುತ್ತದೆ.

ಇದು ಬಾಯಿಮಾತಲ್ಲ. ಜಲ ಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐದು ಮಂದಿ ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆ ಕಲಿಸುತ್ತಾರಲ್ಲ, ನಮ್ಮ ಅತ್ತಿಗೆ ಅದರಲ್ಲಿ ಒಬ್ಬರು. ನಮ್ಮನೆ ಕಟ್ಟೆ ಮೇಲೆ ಎರಡು ಗಾಜಿನ ಕೊಳವೆ ಇಟ್ಟು, ಒಂದಕ್ಕೆ ಬೀದಿ ನಲ್ಲಿ ನೀರು, ಇನ್ನೊಂದಕ್ಕೆ ಫಿಲ್ಟರ್ ನೀರು ತುಂಬಿ, ಕಿಟ್‌ನ ಕೆಂಪು ದ್ರಾವಣ ಹಾಕಿದರು. ಫಿಲ್ಟರ್ ನೀರಿನ ಕೊಳವೆ ಕೆಂಪಗೇ ಉಳಿಯಿತು. ನಲ್ಲಿ ನೀರಿನದು ನೋಡ್ತಾ ನೋಡ್ತಾ ಹಳದಿಗೆ ತಿರುಗಿತು. ಫ್ಲೋರೈಡ್ ಹೆಚ್ಚಿದ್ದಷ್ಟೂ ಹಳದಿ. ಅಕ್ಕಪಕ್ಕದವರೆಲ್ಲ ಬಂದು ನೋಡಿಕೊಂಡು ಹೋದರು. ಅವತ್ತಿನಿಂದ ನಮ್ಮ ಬೀದಿಯಲ್ಲಿ ಸುಮಾರು ಮನೆಗಳು ಅನ್ನ, ಸಾರಿಗೂ ಫಿಲ್ಟರ್ ನೀರನ್ನೇ ಹಾಕುತ್ತಿವೆ. ಮಕ್ಕಳಿರುವ ಮನೆಯವರು ಇದನ್ನು ತಪ್ಪದೆ ಮಾಡಬೇಕು. ಮುಂದೆ ಬರುವ ಹಲ್ಲುಗಳು ದವಡೆಯೊಳಗೆ ರೂಪುಗೊಳ್ಳುವ ವಯಸ್ಸಿನಲ್ಲೇ ಫ್ಲೋರೈಡ್ ಅವುಗಳಿಗೆ ಪೆಟ್ಟು ಕೊಡುವುದು.

ಈಗ ಬೇಸರದ ವಿಷಯ. ಒಂದು ಬೇಸಿಗೆಯಲ್ಲಿ ನೀರಿನ ರುಚಿ ಉಪ್ಪುಪ್ಪಾಯಿತು. ನೀರುಗಂಟಿ ಮೊದಲೇ ಎಚ್ಚರಿಸಿದ್ದರು. ಮೆಂಬ್ರೇನಿಗೆ ಮೊದಲು ಕೊಳೆ ಹಿಡಿಯುವ ಕಾರ್ಟ್ರಿಜ್‌ನ ಹಿಂದೊಂದು, ಮುಂದೊಂದು ಪ್ರೆಷರ್ ಮೀಟರ್ ಇವೆ. ಎರಡರ ನಡುವಿನ ವ್ಯತ್ಯಾಸ ಹೆಚ್ಚಾಯಿತು ಅಂದ್ರೆ ಕಾರ್ಟ್ರಿಜ್ ಕಟ್ಟಿಕೊಂಡಿದೆ ಅಂತ ಅರ್ಥ. ನಿರ್ವಹಣೆಯ ಗುತ್ತಿಗೆ ಪಡೆದವರು ಫೋನ್ ಎತ್ತಲೇ ಇಲ್ಲ. ಕೊನೆಗೆ ಮೆಂಬ್ರೇನೂ ಕೆಟ್ಟು, ಘಟಕಕ್ಕೆ ವಾರಗಟ್ಟಲೆ ಬೀಗ ಬಿತ್ತು. ದುಡ್ಡಿದ್ದವರು ಪೇಟೆಯಿಂದ ಕ್ಯಾನ್ ತರಿಸಿಕೊಂಡರು. ಇಲ್ಲದವರು ಮತ್ತೆ ಅದೇ ಬೋರ್ ನೀರು ಕುಡಿದರು. ಇದು ನನಗೆ ಈಗಲೂ ಸಿಟ್ಟು ತರಿಸುವ ವಿಷಯ.

ಜನ ಹೆಚ್ಚು ಗಮನಿಸದ ಜಾಗ ಕ್ಯಾನ್. ಆರ್‌ಒ ಆದ ನೀರಿನಲ್ಲಿ ರೋಗಾಣು ಕೊಲ್ಲುವ ಕ್ಲೋರಿನ್ ಉಳಿದಿರುವುದಿಲ್ಲ. ಕ್ಯಾನ್ ಕೊಳಕಾಗಿದ್ದರೆ ಕಾಯುವವರು ಯಾರೂ ಇಲ್ಲ. ಅತ್ತಿಗೆ ಘಟಕದ ನಲ್ಲಿಯಿಂದ ಒಂದು, ಪಾಚಿ ಕಟ್ಟಿದ ಕ್ಯಾನಿನಿಂದ ಒಂದು ಎಚ್‌2ಎಸ್ ಬಾಟಲಿ (ನೀರಿನಲ್ಲಿ ಬ್ಯಾಕ್ಟೀರಿಯಾ ಇದೆಯಾ ನೋಡುವ ಬಾಟಲಿ) ತುಂಬಿಟ್ಟರು. ಮಾರನೇ ದಿನ ಕ್ಯಾನಿನ ಬಾಟಲಿ ಕಪ್ಪಗಾಗಿತ್ತು. ಅಂದರೆ ಆ ನೀರಿಗೆ ಮಲದ ಅಂಶ ಸೇರಿರುವ ಅನುಮಾನ. ನಲ್ಲಿಯದು ಹಾಗೇ ಇತ್ತು. ಆದ್ದರಿಂದ ಕ್ಯಾನನ್ನು ಬ್ರಷ್ ಹಾಕಿ ಒಳಗೆಲ್ಲ ಉಜ್ಜಿ, ಒಂದಿಷ್ಟು ಬ್ಲೀಚಿಂಗ್ ಪೌಡರ್ ಕಲಸಿದ ನೀರಲ್ಲಿ ಅರ್ಧ ಗಂಟೆ ಬಿಟ್ಟು, ಚೆನ್ನಾಗಿ ತೊಳೆದು ತುಂಬಿಸಿ. ಚೊಂಬು ಅದ್ದಬೇಡಿ, ನಲ್ಲಿ ಇರುವ ಪಾತ್ರೆಗೆ ಬಗ್ಗಿಸಿಕೊಳ್ಳಿ.

ಘಟಕದ ಹಿಂದೆ ಹರಿದುಹೋಗುವ ವೇಸ್ಟ್ ನೀರನ್ನು ಕೆಲವರು ಹಸುಗಳಿಗೆ ಹಿಡಿಯುತ್ತಾರೆ. ದಯವಿಟ್ಟು ಬೇಡ. ಮೆಂಬ್ರೇನ್ ತಡೆದ ಫ್ಲೋರೈಡೆಲ್ಲ ಅದರಲ್ಲೇ ಇರುತ್ತದೆ, ದನಗಳ ಮೂಳೆಗೂ ಅದು ಕೆಟ್ಟದ್ದೇ. ಪಾಯಿಖಾನೆಗೆ, ನೆಲ ಒರೆಸೋಕೆ ಬಳಸಿದರೆ ಸಾಕು.

ಪಂಚಾಯಿತಿಗೆ ನಾವು ಅರ್ಜಿ ಕೊಟ್ಟು ಕೇಳಿರುವುದು ಇಷ್ಟೇ: ಕಾರ್ಟ್ರಿಜ್ ಮತ್ತು ಮೆಂಬ್ರೇನ್ ಬದಲಿಸಿದ ತಾರೀಖು, ಕೊನೆಯ ಫ್ಲೋರೈಡ್ ಪರೀಕ್ಷೆಯ ಫಲಿತಾಂಶ, ಈ ಎರಡನ್ನೂ ಘಟಕದ ಗೋಡೆ ಮೇಲೆ ಬರೆಸಿ. ಅದನ್ನು ಬರೆದ ದಿನ ಉಳಿದ ಒಂದು ಅಂಕವನ್ನೂ ಕೊಡುತ್ತೇನೆ.